ಗಂಗಾರಾಮನ ಹೆಸರಿಗೆ ಬಿದ್ದ ಒಂಬತ್ತು ಲಕ್ಷ

ಗಂಗಾರಾಮನ ಬಗ್ಗೆ ಇಲ್ಲಿಯವರೆಗೆ ಯಾರೂ ಏನೂ ಬರೆದಿಲ್ಲ. ಬರೆದದ್ದು ಒಂದೇ ಒಂದು ಸಾಲು, ಆದಾಯ ತೆರಿಗೆಯ ದಾಖಲೆಯಲ್ಲಿ. ಅದು ಸುಳ್ಳು, ಬರೆಸಿದವನು ನಾನು. ಆದ್ದರಿಂದ ಅವನ ಕಥೆಯಲ್ಲಿ ನಡುನಡುವೆ ನಾನು ಅಡ್ಡ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ನನಗೇ ನನ್ನ ಮೇಲೆ ಸಾಕಷ್ಟು ಬೇಸರವಿದೆ.

ನಾವಿಬ್ಬರೂ ಹುನ್ನೂರಿನವರು. ಒಂದೇ ವರ್ಷ ಹುಟ್ಟಿದವರು, ಏಳನೆಯ ಇಯತ್ತೆಯವರೆಗೆ ಒಂದೇ ಶಾಲೆಯಲ್ಲಿ ಕಲಿತವರು. ನಾನು ಊರ ನಡುವಿನ ಓಣಿಯವನು, ಅವನು ಊರ ಅಂಚಿನ ಓಣಿಯವನು. ನನ್ನವ್ವ ಗುರುಬಸವ್ವ ಅವನಿಗೆ ರೊಟ್ಟಿ ಕೊಡುತ್ತಿದ್ದಳು, ಆದರೆ ಹಿತ್ತಲ ಬಾಗಿಲಿನಿಂದ. ಅವನು ಅದನ್ನು ಅಲ್ಲೇ ಎರಡು ಮಾಡಿ ನನಗೂ ಒಂದು ತುಂಡು ಕೊಡುತ್ತಿದ್ದ.

ಹಂಚಿಕೊಳ್ಳುವುದಕ್ಕೆ ನಮ್ಮದೊಂದು ಕಾಯಿದೆ ಇತ್ತು. ಮುಧೋಳದ ಕಡೆಗೆ ಹೋಗುವ ಟ್ರ್ಯಾಕ್ಟರ್‌ಗಳಿಂದ ಕಬ್ಬು ಜಗ್ಗಿಕೊಂಡರೆ ಒಬ್ಬ ಮುರಿಯಬೇಕು, ಇನ್ನೊಬ್ಬ ಆರಿಸಬೇಕು. ಮುರಿದವನು ಎರಡೂ ತುಂಡುಗಳನ್ನು ಮುಂದೆ ಚಾಚುತ್ತಾನೆ, ಆರಿಸುವವನು ಅಳತೆ ಮಾಡದೆ ಒಂದನ್ನು ಎತ್ತಿಕೊಳ್ಳುತ್ತಾನೆ. ಹಾಗಾಗಿ ಮುರಿಯುವವನು ಸರಿಯಾಗಿಯೇ ಮುರಿಯುತ್ತಿದ್ದ. ಗಂಗಾರಾಮ ಮುರಿದ ಕಬ್ಬಿನಲ್ಲಿ ಗೆಣ್ಣುಗಳು ಕೂಡ ಎರಡೂ ಕಡೆ ಸಮ ಇರುತ್ತಿದ್ದವು.

ಮುಂದೆ ನಾನು ಕಲಿತು ಜಮಖಂಡಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗುಮಾಸ್ತನಾದೆ. ಅವನು ರಬಕವಿಗೆ ಹೋಗಿ ಡ್ರೈವರ್ ಆದ. ಬನಹಟ್ಟಿಯಲ್ಲಿ ಮುರಗೆಪ್ಪ ಎಂಬ ಸೀರೆ ವ್ಯಾಪಾರಿ ಇದ್ದಾರೆ. ಮಗ್ಗದವರಿಂದ ಸೀರೆ ಕೊಂಡು ಸಾಂಗಲಿ, ಇಚಲಕರಂಜಿ, ಮಡಗಾಂವ ಅಂತ ಅಂಗಡಿಗಳಿಗೆ ಕಳಿಸುವವರು. ಅವರ ಪಿಕಪ್ ಗಾಡಿಯನ್ನು ಗಂಗಾರಾಮ ಹದಿನಾರು ವರ್ಷ ಓಡಿಸಿದ. ಸೀರೆ ಇಳಿಸುವುದಷ್ಟೇ ಅಲ್ಲ, ಅಂಗಡಿಯವರು ಕೊಟ್ಟ ಹಣವನ್ನೂ ಅವನೇ ತರುತ್ತಿದ್ದ. ಸೊಂಟಕ್ಕೆ ಒಂದು ಬಟ್ಟೆಯ ಚೀಲ ಕಟ್ಟಿ, ಮೇಲೆ ಅಂಗಿ ಬಿಟ್ಟು, ಎಡಗೈಯನ್ನು ಅದರ ಮೇಲೆ ಇಟ್ಟನೆಂದರೆ ಬನಹಟ್ಟಿ ಮುಟ್ಟುವವರೆಗೆ ಆ ಕೈ ತೆಗೆಯುತ್ತಿದ್ದುದು ಗೇರು ಹಾಕುವುದಕ್ಕೆ ಮಾತ್ರ. ಊಟವೂ ಒಂದೇ ಕೈಯಲ್ಲಿ. ಹದಿನಾರು ವರ್ಷದಲ್ಲಿ ಒಂದು ನೋಟು ಹೆಚ್ಚುಕಡಿಮೆಯಾಗಿಲ್ಲ ಎಂದು ಮುರಗೆಪ್ಪನವರು ಎಲ್ಲರೆದುರು ಹೇಳುತ್ತಿದ್ದರು. ಗಂಗಾರಾಮ ಆಗ ನೆಲ ನೋಡುತ್ತ ನಿಲ್ಲುತ್ತಿದ್ದ, ಆದರೆ ಆ ಮಾತನ್ನು ಮನೆಗೆ ಹೋಗಿ ಹೆಂಡತಿ ಕೆಂಪವ್ವನಿಗೆ ಹೇಳುತ್ತಿದ್ದನಂತೆ.

ನನಗೂ ಒಂದು ಹೆಸರಿತ್ತು. ಪ್ರತಿ ಫೆಬ್ರುವರಿಯಲ್ಲಿ ನಮ್ಮ ಶಾಲೆಯ ಎಲ್ಲ ಮಾಸ್ತರರ ತೆರಿಗೆ ತಃಖ್ತೆ ತುಂಬಿಕೊಡುವವನು ನಾನೇ. ವಿಮೆ ಎಷ್ಟು, ಮನೆ ಸಾಲದ ಬಡ್ಡಿ ಎಷ್ಟು, ಎಲ್ಲಿ ಎಷ್ಟು ಉಳಿಯುತ್ತದೆ ಎಂದು ನನ್ನನ್ನು ಕೇಳದೆ ಯಾರೂ ಸಹಿ ಮಾಡುತ್ತಿರಲಿಲ್ಲ. ‘ಟ್ಯಾಕ್ಸ್ ಗೌರೀಶ’ ಎಂದು ಕರೆಯುತ್ತಿದ್ದರು, ನಾನೂ ಹಿಗ್ಗುತ್ತಿದ್ದೆ. ಜೊತೆಗೆ ಹುನ್ನೂರಿನ ಮಠದ ದಾಸೋಹ ಸಮಿತಿಯ ಖಜಾಂಚಿ. ಹಣೆಗೆ ಮೂರು ಬೆರಳು ವಿಭೂತಿ ಹಚ್ಚದೆ ಮನೆಯ ಹೊಸ್ತಿಲು ದಾಟಿದವನಲ್ಲ.

ಹೋದ ವರ್ಷದ ಹಿಂದಿನ ದೀಪಾವಳಿ ರಜೆಯಲ್ಲಿ ಗಂಗಾರಾಮ ಗೋವಾದ ಮಡಗಾಂವಕ್ಕೆ ಸೀರೆ ಒಯ್ಯುವವನಿದ್ದ. ಗಾಡಿಯಲ್ಲಿ ಇನ್ನೊಂದು ಸೀಟು ಖಾಲಿ ಇದೆ, ಸಮುದ್ರ ನೋಡಿ ಬರೋಣ ಬಾ ಎಂದು ಕರೆದ. ಮುರಗೆಪ್ಪನವರಿಗೂ ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದ. ಹೋದೆವು. ಸೀರೆ ಇಳಿಸಿ, ಹಣ ತೆಗೆದುಕೊಂಡು, ಅವನು ಸೊಂಟದ ಚೀಲದ ಮೇಲೆ ಕೈ ಇಟ್ಟ. ಇನ್ನೊಂದು ಅಂಗಡಿಯವರು ನಾಳೆ ಬಾ ಎಂದರು. ಒಂದು ದಿನ ಬಿಡುವು ಸಿಕ್ಕಿತು. ಪಣಜಿಯಲ್ಲಿ ಹೊಳೆಯ ಮೇಲೆ ನಿಂತ ಜೂಜಿನ ಹಡಗು ನೋಡಬೇಕೆಂದವನು ನಾನು. ಅವನು ಬೇಡವೆಂದ. ದಂಡೆಯ ಮೇಲೆ ಕೂತಿರುತ್ತೇನೆ, ನೀನು ಹೋಗಿ ಬಾ ಎಂದ. ಒಬ್ಬನೇ ಹೋಗಲು ನನಗೆ ಧೈರ್ಯವಿರಲಿಲ್ಲ. ಇಬ್ಬರ ಟಿಕೆಟ್ಟನ್ನೂ ತೆಗೆಸಿ ಅವನನ್ನು ಎಳೆದುಕೊಂಡೇ ಹೋದೆ. ಏನು ಬಂದರೂ ಕಬ್ಬಿನ ಕಾಯಿದೆ, ಅರ್ಧ ನಿನಗೆ ಎಂದು ನಕ್ಕೆ. ಅವನೂ ನಕ್ಕ.

ಮಧ್ಯಾಹ್ನದ ಹೊತ್ತು. ಒಳಗೆ ಗುಂಡಿ ಒತ್ತುವ ಯಂತ್ರಗಳ ಸಾಲು. ಟಿಕೆಟ್ಟಿನ ಜೊತೆ ಆಡುವುದಕ್ಕೆಂದು ಸ್ವಲ್ಪ ಹಣದ ಕೂಪನ್ ಕೊಟ್ಟಿದ್ದರು. ಗಂಗಾರಾಮ ತನ್ನ ಕೂಪನ್ನನ್ನೂ ನನ್ನ ಕೈಗೆ ಕೊಟ್ಟು ಪಕ್ಕದ ಕುರ್ಚಿಯಲ್ಲಿ ಕೂತು ಒಂದೇ ಕೈಯಲ್ಲಿ ಅನ್ನ ಸಾರು ತಿನ್ನುತ್ತಿದ್ದ. ನಾನು ಒತ್ತಿದೆ. ಸೋತೆ. ಕಿಸೆಯಿಂದ ಮತ್ತೆ ಎರಡು ಸಾವಿರ ಹಾಕಿದೆ, ಮತ್ತೆ ಒತ್ತಿದೆ. ಹಾಗೆ ಒಂದು ತಾಸು ಕಳೆದ ಮೇಲೆ ಯಂತ್ರ ಜಾತ್ರೆಯ ಪೀಪಿಯ ಹಾಗೆ ಊದತೊಡಗಿತು, ಬಣ್ಣಬಣ್ಣದ ದೀಪ ಮಿನುಗಿತು, ಸುತ್ತ ಜನ ಸೇರಿದರು. ಒಂಬತ್ತು ಲಕ್ಷ.

ಸೂಟು ಹಾಕಿದ ಒಬ್ಬ ಮನುಷ್ಯ ಬಂದು ಅಭಿನಂದನೆ ಹೇಳಿದ. ಪ್ಯಾನ್ ಕಾರ್ಡು, ಆಧಾರ್, ಬ್ಯಾಂಕ್ ಖಾತೆ ಬೇಕು, ನೂರಕ್ಕೆ ಮೂವತ್ತು ತೆರಿಗೆ ಹಿಡಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುತ್ತೇವೆ ಎಂದ. ಆಮೇಲೆ ಹಿಂದಿಯಲ್ಲಿ ಕೇಳಿದ, ಆಡಿದವರು ಯಾರು.

ಆ ಒಂದು ಗಳಿಗೆಯಲ್ಲಿ ನನ್ನ ತಲೆ ಎಷ್ಟು ಜೋರಾಗಿ ಓಡಿತೆಂದರೆ, ಹಾಗೆ ಅದು ಯಾವ ಒಳ್ಳೆಯ ಕೆಲಸಕ್ಕೂ ಓಡಿಲ್ಲ. ನನ್ನ ಹೆಸರಿಗೆ ಬಂದರೆ ಶಾಲೆಯ ತಃಖ್ತೆಯಲ್ಲಿ ಕಾಣುತ್ತದೆ, ಮಠಕ್ಕೆ ಗೊತ್ತಾಗುತ್ತದೆ, ಹೆಂಡತಿ ರಾಜಶ್ರೀ ಬೀಳಗಿಯ ತವರಿನಲ್ಲಿ ಮುಖ ತೋರಿಸುವ ಹಾಗಿರುವುದಿಲ್ಲ. ಗಂಗಾರಾಮನ ಹೆಸರಿಗೆ ಬಂದರೆ, ಅವನಿಗೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ, ಹಿಡಿದ ಎರಡು ಲಕ್ಷದ ಎಪ್ಪತ್ತು ಸಾವಿರ ಪೂರ್ತಿ ವಾಪಸ್ ಬರುತ್ತದೆ. ಟ್ಯಾಕ್ಸ್ ಗೌರೀಶನ ಲೆಕ್ಕ ಅದು. ಇನ್ನೊಂದು ಲೆಕ್ಕವೂ ಇತ್ತು, ಅದನ್ನು ಇವತ್ತು ಬರೆಯಲೇಬೇಕು. ಜೂಜಿನ ಹೆಸರು ಅವನಿಗೆ ಅಂಟಿದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ನಾನು ಗಂಗಾರಾಮನ ಹೆಗಲ ಮೇಲೆ ಕೈ ಇಟ್ಟು, ಇವನೇ ಆಡಿದ್ದು ಎಂದೆ.

ಅವನು ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ತೆರಿಗೆ ವಾಪಸ್ ಬರುವ ವಿಷಯ ಅವನಿಗೆ ಕನ್ನಡದಲ್ಲಿ ಬೇಗಬೇಗ ಹೇಳಿದೆ.

“ನೀ ಹೇಳಿದ್ ಮ್ಯಾಲ ಆತು ಬಿಡಲೇ,” ಎಂದ ಅವನು. “ಇದರಾಗ ನನಗೇನ ತಿಳಿತೈತಿ.”

ಪ್ಯಾನ್ ಕಾರ್ಡು ಅವನ ಕಿಸೆಯಲ್ಲೇ ಇತ್ತು. ಖಾತೆ ತೆರೆಯಲು ಮುರಗೆಪ್ಪನವರೇ ಮಾಡಿಸಿಕೊಟ್ಟದ್ದು.

ಹಣ ಖಾತೆಗೆ ಬಂದ ಮೇಲೆ ಅವನು ಮೂರು ನಾಲ್ಕು ಸಲ ಬ್ಯಾಂಕಿಗೆ ಹೋಗಿ ಬಿಡಿಸಿಕೊಂಡು ಜಮಖಂಡಿಗೆ ನನ್ನ ಮನೆಗೆ ಬಂದ. ರಾಜಶ್ರೀ ಮನೆಯಲ್ಲಿಲ್ಲದ ದಿನ ನಾನೇ ನೋಡಿ ಕರೆದಿದ್ದೆ. ಎರಡು ಹಳೆಯ ಸೀರೆ ಡಬ್ಬಿಗಳನ್ನು ನನ್ನ ಮುಂದೆ ಇಟ್ಟು ಆರಿಸಿಕೋ ಎಂದ. ಕಾಯಿದೆ ಮರೆತಿರಲಿಲ್ಲ. ನಾನು ಎರಡೂ ಡಬ್ಬಿ ಬಿಚ್ಚಿ, ಎರಡನ್ನೂ ಎಣಿಸಿ, ಆಮೇಲೆ ಒಂದನ್ನು ತೆಗೆದುಕೊಂಡೆ. ಅಷ್ಟು ಹೊತ್ತೂ ಅವನು ಗೋಡೆಯ ಕ್ಯಾಲೆಂಡರು ನೋಡುತ್ತ ಕೂತಿದ್ದ.

ಅವನ ಪಾಲು ಮಗಳು ಅಂಜನಾಳ ನರ್ಸಿಂಗ್ ಕಾಲೇಜಿನ ಫೀಸಿಗೆ, ಮನೆಯ ಮೇಲಿನ ತಗಡಿಗೆ ಹೋಯಿತು. ನನ್ನ ಪಾಲು? ರಾಜಶ್ರೀಗೆ ವೇತನದ ಬಾಕಿ ಬಂತೆಂದು ಹೇಳಿ ಬಂಗಾರದ ಪಾಟ್ಲಿ ಬಳೆ ಮಾಡಿಸಿದೆ. ಮಠದ ದಾಸೋಹಕ್ಕೆ ಹನ್ನೊಂದು ಸಾವಿರ ಕೊಟ್ಟೆ, ಶಾಲು ಹೊದಿಸಿದರು, ಹೊದ್ದುಕೊಂಡೆ. ಆ ಫೆಬ್ರುವರಿಯಲ್ಲಿ ನನ್ನ ತಃಖ್ತೆಯ ‘ಇತರೆ ಆದಾಯ’ ಎಂಬ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ದುಂಡಗೆ ಬರೆದು ಸಹಿ ಮಾಡಿದೆ.

ಜುಲೈಯಲ್ಲಿ ಗಂಗಾರಾಮನ ಹೆಸರಲ್ಲಿ ನಾನೇ ರಿಟರ್ನ್ ತುಂಬಿ, ಹಿಡಿದ ತೆರಿಗೆ ಪೂರ್ತಿ ವಾಪಸ್ ಕೊಡಿ ಎಂದು ಕೇಳಿದೆ. ಎರಡು ತಿಂಗಳಿಗೆ ಅವನ ಮೊಬೈಲಿಗೆ ನೋಟಿಸು ಬಂತು. ವಾಪಸ್ ಬರುವುದಿರಲಿ, ಇನ್ನೂ ಹತ್ತು ಸಾವಿರದ ಎಂಟುನೂರು ಕಟ್ಟಬೇಕು, ಮೇಲೆ ಬಡ್ಡಿ. ನನಗೆ ತಲೆಬುಡ ತಿಳಿಯಲಿಲ್ಲ. ಮುಧೋಳದಲ್ಲಿ ಪರಮೇಶ ಎಂಬ ತೆರಿಗೆ ಸಲಹೆಗಾರರಿದ್ದಾರೆ, ಅವರ ಹತ್ತಿರ ಓಡಿದೆ.

ಪರಮೇಶ ಕಾಗದ ನೋಡಿ, ಇದನ್ನು ತುಂಬಿದವರು ಯಾರು ಎಂದು ಕೇಳಿದರು. ಯಾರೋ ಕಂಪ್ಯೂಟರ್ ಅಂಗಡಿಯವರು ಎಂದೆ. ಜೂಜಿನಲ್ಲಿ ಗೆದ್ದ ಹಣಕ್ಕೆ ಬಡವನಿಗೂ ಅಷ್ಟೇ, ಸಾವಕಾರನಿಗೂ ಅಷ್ಟೇ, ನೂರಕ್ಕೆ ಮೂವತ್ತು, ಅದರ ಮೇಲೆ ಸೆಸ್. ಸಂಬಳದವರಿಗಿರುವ ವಿನಾಯಿತಿ ಮಿತಿ ಅದಕ್ಕಿಲ್ಲ ಎಂದು ಬಿಡಿಸಿ ಹೇಳಿದರು. ಇಪ್ಪತ್ತೆರಡು ವರ್ಷ ತೆರಿಗೆ ತಃಖ್ತೆ ತುಂಬಿದ ನನಗೆ ಅದು ಗೊತ್ತಿರಲಿಲ್ಲ, ಯಾಕೆಂದರೆ ನಮ್ಮ ಮಾಸ್ತರರಲ್ಲಿ ಒಬ್ಬರೂ ಜೂಜಿನಲ್ಲಿ ಗೆದ್ದಿರಲಿಲ್ಲ. ಈತ ಅರ್ಧ ಹಣ ಸ್ನೇಹಿತನಿಗೆ ಕೊಟ್ಟಿದ್ದಾನೆ, ಅದನ್ನು ಕಳೆಯಲು ಬರುವುದಿಲ್ಲವೇ ಎಂದು ಕೇಳಿದೆ. ಬರುವುದಿಲ್ಲವಂತೆ. ಆ ಸ್ನೇಹಿತನೇ ಅಷ್ಟು ಹಣವನ್ನು ತನ್ನ ರಿಟರ್ನಿನಲ್ಲಿ ತೋರಿಸಿ ತೆರಿಗೆ ಕಟ್ಟಬೇಕಂತೆ. ಯಾರವರು, ಹೆಸರು ಹೇಳಿ ಎಂದು ಪೆನ್ನು ಹಿಡಿದರು.

ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎಂದೆ. ಮತ್ತೆ ಆ ಆಫೀಸಿನ ಮೆಟ್ಟಿಲು ಹತ್ತಲಿಲ್ಲ.

ಕಟ್ಟಬೇಕಾದದ್ದನ್ನು ಪೂರ್ತಿ ನಾನೇ ಕಟ್ಟುತ್ತೇನೆ ಎಂದರೆ ಗಂಗಾರಾಮ ಕೇಳಲಿಲ್ಲ. ಬಂದದ್ದು ಅರ್ಧ ಅರ್ಧ, ಹೋಗುವುದೂ ಅರ್ಧ ಅರ್ಧ ಎಂದ. ನಾನು ಎರಡನೆಯ ಸಲ ಹೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಕೆಂಪವ್ವ ರಬಕವಿಯ ರೇಷನ್ ಅಂಗಡಿಗೆ ಹೋಗಿ ಹೆಬ್ಬೆರಳು ಒತ್ತಿದಳು. ಅಕ್ಕಿ ಬರಲಿಲ್ಲ. ನಿಮ್ಮ ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರಿದ್ದಾರೆ, ಬಿಪಿಎಲ್ ಕಾರ್ಡು ರದ್ದಾಗಿದೆ ಎಂದು ಅಂಗಡಿಯವನು ಎಲ್ಲರಿಗೂ ಕೇಳುವಂತೆ ಓದಿದ. ಸರದಿಯಲ್ಲಿದ್ದ ಹೆಂಗಸರು ನಕ್ಕರು. ತಿಂಗಳಿಗೆ ಬರುತ್ತಿದ್ದ ಗೃಹಲಕ್ಷ್ಮಿಯ ಎರಡು ಸಾವಿರವೂ ನಿಂತಿತು. ಖಾಲಿ ಚೀಲ ಹಿಡಿದು ಬಂದ ಕೆಂಪವ್ವ ಗಂಡನನ್ನು ಕೇಳಿದಳು. ಅವನು ಗೋವಾದಲ್ಲಿ ಬಂದ ಹಣದ ತೆರಿಗೆ ಎಂದಷ್ಟೇ ಹೇಳಿದನಂತೆ. ರೇಷನ್ ಸರದಿಯ ಸುದ್ದಿ ನಾಲ್ಕು ದಿನಕ್ಕೆ ಬನಹಟ್ಟಿಗೆ ಮುಟ್ಟಿತು. ಮುರಗೆಪ್ಪನವರು ಅವನ ಮೊಬೈಲಿನ ತೆರಿಗೆ ನೋಟಿಸು ಓದಿಸಿದರು, ಅದರಲ್ಲಿ ಜೂಜಿನಲ್ಲಿ ಗೆದ್ದ ಒಂಬತ್ತು ಲಕ್ಷ ಎಂದಿತ್ತು.

ಮುರಗೆಪ್ಪನವರಿಗೆ ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಗಿತ್ತು. ಆ ದಿನ ಗಂಗಾರಾಮನ ಸೊಂಟದಲ್ಲಿ ಅವರ ಮೂರು ಲಕ್ಷ ಚಿಲ್ಲರೆ ಇತ್ತು. ಅದನ್ನೇ ಇಟ್ಟು ಆಡಿದನೇ, ಗೆದ್ದದ್ದಕ್ಕೆ ತಮ್ಮ ಹಣ ತಿರುಗಿ ಬಂತೇ, ಸೋತಿದ್ದರೆ ಏನಾಗುತ್ತಿತ್ತು. ಹದಿನಾರು ವರ್ಷದ ನಂಬಿಕೆ ಅವರಿಗೆ ಒಂದೇ ದಿನಕ್ಕೆ ಅನುಮಾನವಾಯಿತು. ಗಂಗಾರಾಮನನ್ನು ಕೇಳಿದರೆ, ನಿಮ್ಮ ರೊಕ್ಕ ಮುಟ್ಟಿಲ್ಲ ಎಂಬುದನ್ನು ಬಿಟ್ಟು ಬೇರೆ ಮಾತಿಲ್ಲ. ಆಗ ಅವರು ನನ್ನನ್ನು ಕರೆಸಿದರು.

ಅವರು ವ್ಯಾಪಾರಕ್ಕೆ ಕೂಡುವ ಅಂಗಡಿಯ ಗದ್ದಿಗೆ ನಾನು ಹೋದಾಗ ಸೀರೆ ಗಂಟುಗಳ ನಡುವೆ ನನಗೊಂದು ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಗಂಗಾರಾಮ ಬಾಗಿಲ ಹತ್ತಿರ ನಿಂತಿದ್ದ. ಅವನಿಗೆ ಚಹಾ ಇರಲಿಲ್ಲ.

“ಸರ್, ನೀವು ಅವನ ಜೋಡಿ ಹೋಗಿದ್ರಿ,” ಎಂದರು ಮುರಗೆಪ್ಪ. “ನೀವು ಹೇಳಿದ್ದು ನನಗ ಪ್ರಮಾಣ. ಆ ಆಟ ಆಡಿದ್ದು ಯಾರ್ರಿ?”

ಆಡಿದ್ದು ನಾನೇ ಎಂದಿದ್ದರೆ ಅವನ ನೌಕರಿ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ಬೇಕಾಗಿದ್ದದ್ದು ಅಷ್ಟೇ. ಗಂಗಾರಾಮ ನನ್ನನ್ನು ನೋಡುತ್ತಿದ್ದ. ಬೇಡಿಕೊಳ್ಳುವ ಹಾಗೆ ಅಲ್ಲ, ಬಸ್ಸಿಗೆ ಕಾಯುವವರು ರಸ್ತೆ ನೋಡುವ ಹಾಗೆ. ನಾನು ಚಹಾದ ಕಪ್ಪು ನೋಡಿದೆ.

“ನಾ ಹೊರಗ ಇದ್ದೆರಿ,” ಎಂದೆ. “ನೋಡ್ಲಿಲ್ಲ.”

ಆಮೇಲೆ ಗಂಗಾರಾಮನೇ ಬಾಯಿ ಬಿಟ್ಟ.

“ಹೌದ್ರಿ ಸಾವಕಾರ್ರ, ಅವರು ಹೊರಗ ಇದ್ರು. ನಾನ ಆಡಿದ್ದು.”

ಕಿಸೆಯಿಂದ ಪಿಕಪ್ಪಿನ ಕೀಲಿ ತೆಗೆದು ಗದ್ದಿಯ ಅಂಚಿಗೆ ಇಟ್ಟ. ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಆ ಚಹಾವನ್ನು ಪೂರ್ತಿ ಕುಡಿದೆ. ಯಾಕೆ ಕುಡಿದೆನೋ ಇವತ್ತಿಗೂ ತಿಳಿಯದು, ಕುಡಿದದ್ದು ಮಾತ್ರ ಖರೆ.

ಆ ಮೇಲೆ ಅವನು ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ದಿನಗೂಲಿಗೆ ಹೋದ. ಐವತ್ತೆರಡನೆಯ ವಯಸ್ಸಿನಲ್ಲಿ, ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಅವನನ್ನು ಎರಡು ಸಲ ನೋಡಿದೆ. ಎಡಗೈ ಆಗಲೂ ಹೊಟ್ಟೆಯ ಮೇಲೆಯೇ ಇತ್ತು. ಅಲ್ಲಿ ಈಗ ಚೀಲವಿಲ್ಲ, ಚಾಳಿ ಹೋಗಿಲ್ಲ. ಎರಡನೆಯ ಸಲ ನೋಡಿದ ದಿನ ಮನೆಗೆ ಬಂದು ಉಣ್ಣಲಾಗಲಿಲ್ಲ. ರಾಜಶ್ರೀಯ ಕೈಯಲ್ಲಿ ಪಾಟ್ಲಿ ಕಂಡರೆ ನಾಚಿಕೆ, ಕನ್ನಡಿಯಲ್ಲಿ ವಿಭೂತಿ ಕಂಡರೆ ನಾಚಿಕೆ. ಅವಳಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ, ಪಾಟ್ಲಿ ಬಿಚ್ಚಿ ಮೇಜಿನ ಮೇಲಿಟ್ಟು, ಮೊದಲು ಬನಹಟ್ಟಿಗೆ ಹೋಗಿ ಬರ್ರಿ ಎಂದಳು.

ಹೋದೆ. ಅದೇ ಗದ್ದಿ, ಅದೇ ಕುರ್ಚಿ. ಈ ಸಲ ಕೂಡಲಿಲ್ಲ, ನಿಂತುಕೊಂಡೇ ಹೇಳಿದೆ. ಟಿಕೆಟ್ಟು ತೆಗೆಸಿದ್ದು ನಾನು, ಗುಂಡಿ ಒತ್ತಿದ್ದು ನಾನು, ಅವನ ಹೆಸರು ಹೇಳಿದ್ದು ನಾನು, ಅರ್ಧ ತಿಂದದ್ದು ನಾನು. ನಿಮ್ಮ ಹಣದ ಚೀಲದ ಮೇಲಿನ ಕೈಯನ್ನು ಅವನು ಉಣ್ಣುವಾಗಲೂ ತೆಗೆಯಲಿಲ್ಲ ಎಂಬುದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅತ್ತೆ ಕೂಡ.

ಮುರಗೆಪ್ಪನವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲೂ ನೀರು.

“ದೋಸ್ತನ ಸಲುವಾಗಿ ಇಷ್ಟು ದೊಡ್ಡ ಕಳಂಕ ಮೈಮ್ಯಾಲ ತಗೊಳ್ಳಾವ್ರು ಈಗಿನ ಕಾಲದಾಗ ಎಲ್ಲಿ ಸಿಗ್ತಾರ್ರಿ,” ಎಂದರು. “ಆದ್ರ ನಿಮ್ಮಂಥಾವ್ರು ಜೂಜ ಆಡಿದ್ರಿ ಅಂದ್ರ ನಾ ಹೆಂಗ ನಂಬ್ಲಿ? ತೆರಗಿ ಕಾಗದದಾಗ ಅವನ ಹೆಸರ ಐತಿ. ಅಂವ ಸ್ವತಃ ಒಪ್ಕೊಂಡಾನ.”

ನಾನು ಆಣೆ ಮಾಡಿದೆ. ಆಣೆ ಮಾಡಿದಷ್ಟೂ ಅವರು ತಲೆದೂಗಿದರು. ಅಷ್ಟೇ ಅಲ್ಲ, ನಮ್ಮ ಹೆಡ್‌ಮಾಸ್ತರರಿಗೆ ಫೋನ್ ಮಾಡಿ, ನಿಮ್ಮ ಗುಮಾಸ್ತರದು ಎಂಥ ದೊಡ್ಡ ಮನಸ್ಸು ಎಂದು ಹೊಗಳಿದರು. ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನಗೆ ಕೈ ಮುಗಿದರು. ನಾನು ಹೇಳಿದ ಒಂದೇ ಒಂದು ನಿಜದಿಂದ ನನ್ನ ಮರ್ಯಾದೆ ಇನ್ನೂ ಏರಿತು, ಗಂಗಾರಾಮನ ಹೆಸರು ಇದ್ದಲ್ಲೇ ಉಳಿಯಿತು.

ಆ ಭಾನುವಾರ ಅವನನ್ನು ಹುಡುಕಿಕೊಂಡು ಹೋದೆ. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಹೊರಗೆ ಕಬ್ಬಿನ ಗಾಡಿಗಳ ಸರದಿ ಒಂದು ಮೈಲಿ ನಿಂತಿತ್ತು. ಟ್ರೇಲರಿನ ನೆರಳಲ್ಲಿ ಗೋಣಿ ಹಾಸಿ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ, ಗೋಣಿ ಝಾಡಿಸಿ ಕೂಡಲು ಜಾಗ ಮಾಡಿದ. ಟ್ರೇಲರಿನಿಂದ ಒಂದು ಕಬ್ಬು ಜಗ್ಗಿ ಮೊಣಕಾಲಿಗೆ ಕೊಟ್ಟು ಮುರಿದ. ಎರಡೂ ತುಂಡು ಚಾಚುತ್ತಾನೆಂದು ನಾನು ಕಾದೆ. ಅವನು ಚಾಚಲಿಲ್ಲ. ಬೀಗರು ಬಂದಾಗ ಕೊಡುವ ಹಾಗೆ, ದೊಡ್ಡ ತುಂಡನ್ನೇ ನನ್ನ ಕೈಗೆ ಕೊಟ್ಟ.

ಬನಹಟ್ಟಿಗೆ ಹೋದದ್ದು, ಎಲ್ಲ ಒಪ್ಪಿಕೊಂಡದ್ದು, ಮುರಗೆಪ್ಪನವರು ನಂಬದೇ ಹೋದದ್ದು, ಎಲ್ಲ ಹೇಳಿದೆ. ಪಾಟ್ಲಿ ಮಾರಿದ ಹಣ ತಂದಿದ್ದೇನೆ, ಅಂಜನಾಳ ಫೀಸಿಗೆ ಇಟ್ಟುಕೋ ಎಂದೆ. ಹಣದ ಕವರನ್ನು ಅವನು ಮುಟ್ಟಲಿಲ್ಲ. ತನ್ನ ತುಂಡಿನ ಸಿಪ್ಪೆ ಸುಲಿಯುತ್ತ ಮಾತಾಡಿದ.

“ಅವರು ನಂಬೂದಿಲ್ಲಂತ ನನಗ ಗೊತ್ತಿತ್ತು. ನಿಮಗೂ ಗೊತ್ತಿತ್ತರಿ. ಆವತ್ತ ನನ್ನ ಹೆಗಲ ಮ್ಯಾಲ ಕೈ ಇಟ್ರಲ್ಲ, ಆವಾಗನ ಗೊತ್ತಿತ್ತು.”

ನಲವತ್ತೈದು ವರ್ಷ ನನ್ನನ್ನು ‘ಲೇ’ ಎಂದು ಕರೆದವನು ಅವನು. ಆ ಕರೆ ಕಳೆದುಕೊಂಡದ್ದು ನನಗೆ ಆಗ ಗೊತ್ತಾಯಿತು. ಅಷ್ಟರಲ್ಲಿ ಮುಂದಿನ ಗಾಡಿಗಳು ಅಲುಗಾಡಿದವು. ಅವನು ಹತ್ತಿ ಕೂತು ಟ್ರ್ಯಾಕ್ಟರ್ ಚಾಲೂ ಮಾಡಿದ. ಎಡಗೈ ಹೊಟ್ಟೆಯ ಮೇಲೆ ಹೋಯಿತು.

“ಸ್ವಲ್ಪ ಹಿಂದ ಸರದ ನಿಂದರ್ರಿ ಸರ್,” ಎಂದ. “ಅಂಗಿಗೆ ಧೂಳ ಹತ್ತೀತು.”

ನಾನು ಕಬ್ಬು ಹಿಡಿದುಕೊಂಡು ಹಿಂದೆ ಸರಿದು ನಿಂತೆ.